ಆರು ಹಾಡು, ಒಂದು ಬೆಲ್ಟು

ಏಳನೇ ಕ್ಲಾಸಿನಿಂದ ಮೇಲೆ ನನಗೆ ಓದು ಹತ್ತಲಿಲ್ಲ. ಆದರೆ ಕಿವಿ ಇದೆ. ಮೂರ್ನಾಡಿನಲ್ಲಿ ನನ್ನದು ರಿಪೇರಿ ಅಂಗಡಿ. ಕಳೆ ಕೊಚ್ಚುವ ಮಷಿನ್, ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಏನೇ ತನ್ನಿ, ಒಮ್ಮೆ ಸ್ಟಾರ್ಟ್ ಮಾಡಿದರೆ ಸಾಕು. ಶಬ್ದ ಕೇಳಿಯೇ ರೋಗ ಹೇಳುತ್ತೇನೆ. ಹಾಗಾಗಿ, ಹಾಡು ಕೇಳಿ ಹೆಣ್ಣು ಗೆಲ್ಲಬೇಕು ಎಂದಾಗ ನಾನು ಹೆದರಲಿಲ್ಲ.

ಹೆದರಬೇಕಿತ್ತು!

ಹುಡುಗಿ ಭವ್ಯ. ಅವಳು ಒಪ್ಪಿದ್ದಳು, ಅವಳ ಅಮ್ಮ ಸೀತಮ್ಮ ಒಪ್ಪಿದ್ದರು. ಬಾಕಿ ಉಳಿದದ್ದು ಅಪ್ಪ ಸೋಮಯ್ಯ. ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ರಿಟೈರ್ ಆದ ಮನುಷ್ಯ. ಕಾಫಿ ಬೀಜಕ್ಕೆ ಗ್ರೇಡ್ ಹಾಕಿ ಹಾಕಿ, ಈಗ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗ್ರೇಡ್ ಹಾಕುತ್ತಾರೆ. ಸಾರು ಬಿ, ಪಕ್ಕದ ಮನೆ ನಾಯಿ ಸಿ.

"ಕೂತ್ಕೋ ಲೋಹಿತ" ಎಂದರು. ಎದುರಿಗೆ ಒಂದು ರೆಕಾರ್ಡ್ ಪ್ಲೇಯರ್. ಕೈಯಲ್ಲಿ ಒಂದೇ ಒಂದು ರೆಕಾರ್ಡ್. ಎಸ್ಟೇಟಿನ ಹಳೆ ಧಣಿ ಊರು ಬಿಡುವಾಗ ಎರಡನ್ನೂ ಇವರಿಗೆ ಕೊಟ್ಟು ಹೋಗಿದ್ದರಂತೆ. ಕವರಿನ ಮೇಲೆ ಆಕಾಶಕ್ಕೆ ಹಾಕಿದ ಏಣಿ, ಹತ್ತುವವರು ಯಾರೂ ಇಲ್ಲ.

"ವಿಲಾಯತಿದು. ಸಿಂಥಸೈಜರ್ ಅಂತ ಒಂದು ಮಷಿನ್, ಅದ್ರಲ್ಲೇ ಎಲ್ಲಾ ಬಾರಿಸಿದ್ದಾರೆ, ಹಾಡೋದು ಮಾತ್ರ ಮನುಷ್ಯ. ಆರು ಹಾಡಿದೆ. ಚೆನ್ನಾಗಿರೋದ್ರಲ್ಲಿ ಯಾವ್ದು ಒಂದು, ಯಾವ್ದು ಆರು, ಮುಂದಿನ ಭಾನುವಾರ ಬಂದು ಹೇಳು. ನಿನಗಿಂತ ಮೊದ್ಲು ಇಬ್ರು ಬಂದಿದ್ರು. ಎಲ್ಲಾ ಚೆನ್ನಾಗಿದೆ ಸಾರ್ ಅಂದ್ರು. ಕಳಿಸಿಬಿಟ್ಟೆ. ಗ್ರೇಡ್ ಹಾಕಲಿಕ್ಕೆ ಬರದವ ಸಂಸಾರ ಎಂಥ ಮಾಡ್ತಾನೆ?"

"ಆಯ್ತು ಮಾವ."

"ಸಾರ್ ಅನ್ನು. ಮಾವ ಆಮೇಲೆ."

ಆ ಆರೂ ಹಾಡನ್ನು ಭವ್ಯ ನನ್ನ ಮೊಬೈಲಿಗೆ ಹುಡುಕಿ ಕಳಿಸಿದಳು. ವಾರವಿಡೀ ಅಂಗಡಿಯಲ್ಲಿ ಅದೇ. ನಿಜ ಹೇಳುತ್ತೇನೆ, ನನಗೆ ಹುಚ್ಚು ಹಿಡಿಯಿತು. ತಂತಿ ಇಲ್ಲ, ಚರ್ಮ ಇಲ್ಲ, ಊದುವ ತೂತಿಲ್ಲ, ಆದರೂ ಶಬ್ದ ಎಲ್ಲಿಂದ ಬರುತ್ತದೆ? ಮೊದಲ ಹಾಡು, ಪಂಪ್‌ಸೆಟ್ ನೀರೆಳೆಯುವ ಮೊದಲು ಮಾಡುವ ಗೊಳಗೊಳ. ಮೂರನೆಯದರಲ್ಲಿ ಎಲ್ಲೋ ಒಂದು ಬೇರಿಂಗ್ ಹೋಗಿದೆ. ಕೊನೆಯದು ಇಪ್ಪತ್ತು ನಿಮಿಷ! ಅದು ಮುಗಿಯುವುದರೊಳಗೆ ನಾನು ಒಂದು ಕಾರ್ಬುರೇಟರ್ ಬಿಚ್ಚಿ, ತೊಳೆದು, ಕೂಡಿಸಿದ್ದೆ. ಕೆಲಸ ಆಯಿತಲ್ಲ, ಅದಕ್ಕೆ ಎರಡನೇ ಸ್ಥಾನ ಕೊಟ್ಟೆ.

ಒಂದನೇ ಸ್ಥಾನ ನಾಲ್ಕನೇ ಹಾಡಿಗೆ. ಕೇಳಿದರೆ ಕಾಲು ನಿಲ್ಲುವುದಿಲ್ಲ. ಮದುವೆಯಲ್ಲಿ ವಾಲಗ ಬಾರಿಸಿದ ಹಾಗೆ.

ಭಾನುವಾರ ಹೋಗಿ ಪಟ್ಟಿ ಒಪ್ಪಿಸಿದೆ. ಸೋಮಯ್ಯ ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದರು. ಕೊನೆಗೆ ನಾನು, "ಒಂದನೇದು ನಾಲ್ಕನೇ ಹಾಡು ಸಾರ್" ಎಂದೆ. ಅವರ ಮುಖ ಅರಳಿತು. ನಾನು ಅಲ್ಲಿಗೇ ಬಾಯಿ ಮುಚ್ಚಿದ್ದರೆ ಈಗ ಎರಡು ಮಕ್ಕಳಾಗಿರುತ್ತಿದ್ದವು!

"ಒಳ್ಳೆ ಕುಣಿಯೋ ಹಾಡು" ಎಂದೆ.

"ಕುಣಿಯೋ ಹಾಡಾ? ಅದು ಅಳೋ ಹಾಡು ಮಾರಾಯ!"

ರೆಕಾರ್ಡ್ ಹಾಕಿದರು. ನಾನು ಬೆಚ್ಚಿಬಿದ್ದೆ. ಅದೇ ಹಾಡು, ಆದರೆ ಹೆಣ ಹೊತ್ತವರ ನಡಿಗೆ. ಹಾಡುವವನಿಗೆ ಬಾಯಿ ತೆರೆಯಲೂ ಶಕ್ತಿ ಇಲ್ಲ. ಸೋಮಯ್ಯ ಕಣ್ಣು ಮುಚ್ಚಿ ಕೂತಿದ್ದರು.

ನನ್ನ ಕಿವಿ ಸುಮ್ಮನಿರಬೇಕಲ್ಲ? "ಸಾರ್, ಇದು ಹಾಡಿನ ದುಃಖ ಅಲ್ಲ. ಬೆಲ್ಟ್ ಲೂಸು."

"ಎಂಥ?"

"ಹತ್ತೇ ನಿಮಿಷ ಕೊಡಿ."

ಪ್ಲೇಯರ್ ಬಿಚ್ಚಿದೆ. ಒಳಗಿನ ರಬ್ಬರ್ ಬೆಲ್ಟ್ ಸೊರಗಿ ಜೋತಾಡುತ್ತಿತ್ತು; ತಟ್ಟೆ ನಿಧಾನ ತಿರುಗುತ್ತಿದ್ದುದು ಅದಕ್ಕೇ. ಹಳೆ ಬೆಲ್ಟನ್ನು ಯಾರೂ ಮತ್ತೆ ಹಾಕಬಾರದೆಂದು ಎರಡು ತುಂಡು ಮಾಡುವುದು ನನ್ನ ಅಂಗಡಿಯ ಶಿಸ್ತು. ಮಾಡಿದೆ. ಟೂಲ್‌ಬ್ಯಾಗಿನಲ್ಲಿದ್ದ ಹೊಸ ರಬ್ಬರ್ ರಿಂಗ್ ಹಾಕಿದೆ. ಮೊಬೈಲಿನ ಹಾಡಿನ ವೇಗಕ್ಕೆ ಹೋಲಿಸಿ ನೋಡಿದೆ. ಸರೀ ಜೋಡಿ!

ನಾಲ್ಕನೇ ಹಾಡು ಚಿಮ್ಮಿತು. ಅಡುಗೆಮನೆಯಿಂದ ಸೀತಮ್ಮ ಸೌಟು ಹಿಡಿದೇ ಬಂದರು. "ಅಯ್ಯೋ, ಇದು ಲಾಯ್ಕುಂಟಲ್ಲ! ಇಷ್ಟು ವರ್ಷ ಎಂತಕ್ಕೆ ನಮ್ಮನ್ನೆಲ್ಲ ಅಳಿಸಿದ್ದು ನೀವು?" ಎನ್ನುತ್ತಾ ಎರಡು ಹೆಜ್ಜೆ ಕುಣಿದೇಬಿಟ್ಟರು. ನಾನು ಬಹುಮಾನಕ್ಕೆ ಕಾಯುವವನಂತೆ ನಿಂತಿದ್ದೆ.

ಸೋಮಯ್ಯ ಮೆಲ್ಲಗೆ ಹೇಳಿದರು, "ನಮ್ಮ ಅವ್ವ ತೀರಿದ ದಿನ ಇದನ್ನೇ ಹಾಕ್ಕೊಂಡು ಅತ್ತಿದ್ದೆ."

ಸೀತಮ್ಮ ಸೌಟು ಕೆಳಗಿಳಿಸಿದರು. ಹಾಡು ಮಾತ್ರ ಕುಣಿಯುತ್ತಿತ್ತು.

"ಮೊದ್ಲು ಹೇಗಿತ್ತೋ ಹಾಗೆ ಮಾಡು."

ಹೇಗೆ ಮಾಡುವುದು? ಬೆಲ್ಟ್ ಎರಡು ತುಂಡು! ಗಂಟು ಹಾಕಿದೆ, ಹಾಡಿಗೆ ಬಿಕ್ಕಳಿಕೆ ಬಂತು. ಗಮ್ ಹಚ್ಚಿದೆ, ನಿಂತೇ ಹೋಯಿತು. ಕೊನೆಗೆ ಹೊಸ ರಿಂಗನ್ನೇ ಮತ್ತೆ ಹಾಕಿ, ತಿರುಗುವ ತಟ್ಟೆಯ ಅಂಚಿಗೆ ಬೆರಳು ಒತ್ತಿ ಹಿಡಿದೆ. ಹಾಡು ನಿಧಾನವಾಯಿತು. ಸೋಮಯ್ಯನವರ ಕಣ್ಣಲ್ಲಿ ನೀರು ಬಂತು. "ಹ್ಞಾಂ, ಇದೇ! ಹಾಗೇ ಹಿಡ್ಕೋ."

ಹಾಗೇ ಹಿಡಿದುಕೊಂಡಿದ್ದೇನೆ. ಅಂದಿನಿಂದ ಪ್ರತಿ ಭಾನುವಾರ ನನಗೆ ಬುಲಾವ್. ಬೆರಳು ಜಾಸ್ತಿ ಒತ್ತಿದರೆ ಹಾಡುವವನಿಗೆ ನಿದ್ದೆ ಬರುತ್ತದೆ. ಕಡಿಮೆಯಾದರೆ ಸೀತಮ್ಮ ಸೌಟು ಹಿಡಿದು ಬರುತ್ತಾರೆ.

ಕಳೆದ ವಾರ ಧೈರ್ಯ ಮಾಡಿ, "ಮಾವ, ಆ ಮದುವೆ ವಿಷಯ..." ಎಂದೆ. ಮಾತಿನ ಭರದಲ್ಲಿ ಬೆರಳು ಎದ್ದಿತು. ಹಾಡು ಕಟ್ಟು ಬಿಚ್ಚಿದ ಕರುವಿನಂತೆ ಓಡಿತು.

"ಸಾರ್ ಅನ್ನು! ಬೆರಳು ಇಡು!"

ಬೆರಳು ಇಟ್ಟೆ. ಬಾಗಿಲಲ್ಲಿ ನಿಂತ ಭವ್ಯ ನಗು ತಡೆಯುತ್ತಾ ನನ್ನ ಕಿವಿಯ ಹತ್ತಿರ ಬಂದಳು. "ಅಪ್ಪ ನಿಮ್ಗೆ ಎ ಗ್ರೇಡ್ ಹಾಕಿದ್ದಾರೆ."

"ನಿಜವಾ?"

"ಹೌದು. ಅಳಿಯನ ಪಟ್ಟಿಯಲ್ಲಿ ಅಲ್ಲ, ಸ್ಪೇರ್ ಪಾರ್ಟ್ ಪಟ್ಟಿಯಲ್ಲಿ!"

ಸ್ಪೇರ್ ಪಾರ್ಟಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಆದರೆ ಅದನ್ನು ಮನೆಯಿಂದ ಆಚೆಗೂ ಹಾಕುವುದಿಲ್ಲವಲ್ಲ! ಸದ್ಯಕ್ಕೆ ಆ ಮನೆಯಲ್ಲಿ ನನ್ನ ಕಾಲು ನಿಂತಿರುವುದು ಒಂದು ಬೆರಳಿನ ಮೇಲೆ.