ನನ್ನ ನೆತ್ತಿಯ ಬಗ್ಗೆ ಸುಳ್ಳು ವರದಿ ಕೊಟ್ಟ ಜಾಲರಿಗೆ

ಮಾನ್ಯ ಜಾಲರಿಯವರೇ,

ನಮ್ಮ ಸ್ನಾನದ ಮನೆಯ ಮೂಲೆಯಲ್ಲಿ, ನೀರು ಹೋಗುವ ಕಿಂಡಿಯ ಮೇಲೆ ಅಂಗೈಯಗಲದ ಉಕ್ಕಿನ ದೇಹವನ್ನು ಚಾಚಿಕೊಂಡು ಸದಾ ಸೇವೆಯಲ್ಲಿರುವ ತಮಗೆ, ದಿನವೂ ತಮ್ಮ ಪಕ್ಕದಲ್ಲೇ ನಿಂತು ಮೀಯುವ ಈ ಬಡಪಾಯಿಯು ತಲೆಬಾಗಿ ಮಾಡುವ ನಮಸ್ಕಾರಗಳು. ಬಾಗಿದಾಗ ತಮಗೆ ಕಾಣುವ ಆ ಹೊಳೆಯುವ ಜಾಗದ ಕುರಿತೇ ಈ ದೂರು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಬೇಸರ ಬೇಡ. ವಿಷಯ ಹೇಗೂ ಬಹಿರಂಗವಾಗಿಯೇ ಇದೆ, ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತವರೆಲ್ಲ ಅದನ್ನು ನೋಡಿಯೇ ಇದ್ದಾರೆ.

ನಾನು ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವವನು. ಗುರುತಿನ ಚೀಟಿಗಳಿಗೆ ಅಂಟಿಸುವ ಚಿಕ್ಕ ಫೋಟೊಗಳೇ ನನ್ನ ಕಸುಬು. ಗಿರಾಕಿಯ ಕಿವಿಯ ಮೇಲಿನ ಕೂದಲನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ, ಅವರು ಬಾಯಿಬಿಟ್ಟು ಕೇಳುವ ಮೊದಲೇ ಅವರ ನೆತ್ತಿಗೆ ಅಂಟಿಸಿಕೊಡುವುದು ನಾನು ವರ್ಷಗಳಿಂದ ಪಾಲಿಸಿಕೊಂಡು ಬಂದಿರುವ ಸೌಜನ್ಯ. ಹೀಗೆ ಬೀದಿಗೆಲ್ಲ ಕೂದಲು ಹಂಚಿದವನ ಸ್ವಂತ ತಲೆ ಖಾಲಿಯಾಗತೊಡಗಿದ್ದು ಕಳೆದ ವರ್ಷ. ನಾನು ಸಸ್ಯಾಹಾರಿಯಾಗಿದ್ದೂ ಕಳೆದ ವರ್ಷವೇ. ಒಂಬತ್ತು ವರ್ಷದ ನನ್ನ ಮಗಳಿಗೆ ಒಂದು ಮಧ್ಯಾಹ್ನ ಊಟದ ನಡುವೆ, ತಟ್ಟೆಯಲ್ಲಿರುವ ಕೋಳಿಯ ಕಾಲು ನಿಜವಾಗಿಯೂ ಒಂದು ಕಾಲು ಎಂಬುದು ಹೊಳೆದುಬಿಟ್ಟಿತು. ಅವಳು ಅಲ್ಲಿಗೇ ಬಿಟ್ಟಳು, "ನೀವೂ ಬಿಡ್ತೀರಾ ಅಪ್ಪಾ?" ಎಂದು ಕೇಳಿದಳು, ಮಗಳ ಕಣ್ಣಿನಲ್ಲಿ ದೊಡ್ಡವನಾಗುವ ಅವಕಾಶ ಅಪರೂಪಕ್ಕೆ ಬರುವುದರಿಂದ ನಾನೂ ಬಿಟ್ಟೆ.

ಆಮೇಲೆ ತಮ್ಮ ಮೇಲೆ ಕೂದಲು ಗುಂಪುಗುಂಪಾಗಿ ಕಾಣಿಸಿಕೊಳ್ಳತೊಡಗಿತು. ನಮ್ಮ ಅಕ್ಕ ಬಂದವರು ನನ್ನ ತಲೆಯನ್ನು ಮೂರು ದಿಕ್ಕಿನಿಂದ ಪರೀಕ್ಷಿಸಿ, "ದನದ ಹಾಗೆ ಸೊಪ್ಪು ತಿಂದ್ರೆ ಇನ್ನೇನಾಗುತ್ತೆ" ಎಂದು ಮಗಳಿಗೆ ಕೇಳುವಂತೆಯೇ ತೀರ್ಪು ಕೊಟ್ಟರು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನನ್ನ ಹೆಂಡತಿ ಅಲ್ಲೇ ನಿಂತು ಸೊಂಟದವರೆಗಿನ ಜಡೆ ಹೆಣೆದುಕೊಳ್ಳುತ್ತಿದ್ದಳು. ಆ ಜಡೆಯನ್ನು ಸಾಕ್ಷ್ಯವೆಂದು ಪರಿಗಣಿಸುವಷ್ಟು ಬುದ್ಧಿ ಆಗ ನನಗಾಗಲಿ ಅಕ್ಕನಿಗಾಗಲಿ ಇರಲಿಲ್ಲ. ನಾನು ಮರುದಿನವೇ ನೆನೆಸಿದ ಕಡಲೆಕಾಳು ಒಂದು ಹಿಡಿ ತಿಂದು ಚಿಕಿತ್ಸೆ ಆರಂಭಿಸಿದೆ.

ಮಾನ್ಯರೇ, ಮೂರನೆಯ ಬೆಳಿಗ್ಗೆ ತಾವು ಖಾಲಿಯಿದ್ದಿರಿ. ನಾಲ್ಕನೆಯ ದಿನವೂ ಖಾಲಿ. ಎರಡು ವಾರ ತಮ್ಮ ಮೇಲೆ ಒಂದೆಳೆಯೂ ಇರಲಿಲ್ಲ. ಒಂದು ಹಿಡಿ ಕಡಲೆಗೆ ಇಷ್ಟು ಬೇಗ ಸ್ಪಂದಿಸುವ ಇಂಥ ಚುರುಕು ಯಾವ ಕಚೇರಿಯಲ್ಲಿದೆ ಎಂದು ನಾನು ತಮ್ಮನ್ನು ಕಂಡಕಂಡವರ ಮುಂದೆ ಕೊಂಡಾಡಿದೆ, ಸ್ಟುಡಿಯೊಕ್ಕೆ ಬಂದ ಬೋಳುತಲೆಯವರಿಗೆಲ್ಲ ಕಡಲೆಯ ಮಹಿಮೆಯನ್ನು ಪುಕ್ಕಟೆಯಾಗಿ ಬೋಧಿಸಿದೆ. "ಜಾಲರಿ ಖಾಲಿ ಇದ್ರೆ ತಲೆ ತುಂಬಿದೆ ಅಂತಲ್ಲ" ಎಂದ ಹೆಂಡತಿಯನ್ನು ಹೊಟ್ಟೆಕಿಚ್ಚಿನವಳು ಎಂದುಕೊಂಡೆ.

ಎರಡನೆಯ ವಾರದ ಕೊನೆಗೆ ಮಗಳ ಶಾಲೆಯವರು, ಮಕ್ಕಳನ್ನು ಕರೆದೊಯ್ಯಲು ಬರುವವರು ಫೋಟೊ ಇರುವ ಕಾರ್ಡು ತರಬೇಕೆಂದು ತಿಳಿಸಿದರು. ನಾನು ನನ್ನ ಫೋಟೊ ತೆಗೆದುಕೊಂಡು, ತಮ್ಮ ವರದಿಯನ್ನು ನಂಬಿ, ಹೇಗೂ ಬರಲಿರುವ ಕೂದಲನ್ನು ಮುಂಗಡವಾಗಿಯೇ ಅಂಟಿಸಿಕೊಂಡೆ. ಕೈ ಕೊಂಚ ಉದಾರವಾಯಿತು. ಮುಂದೆ ಒಂದು ಸಣ್ಣ ಅಲೆಯೂ ಬಂತು. ಹೊಸದಾಗಿ ಸೇರಿದ್ದ ಗೇಟಿನ ಕಾವಲುಗಾರ ಕಾರ್ಡನ್ನೂ ನನ್ನನ್ನೂ ನಾಲ್ಕು ಸಲ ನೋಡಿ, "ಇವ್ರು ನಿಮ್ಮ ತಮ್ಮನಾ? ಅವರನ್ನೇ ಕಳಿಸಿ" ಎಂದ. ಉಳಿದ ತಂದೆತಾಯಿಯರೆಲ್ಲ ತಮ್ಮ ತಮ್ಮ ಮಕ್ಕಳ ಕೈ ಹಿಡಿದು ನಿಧಾನವಾಗಿ, ಬಹಳ ನಿಧಾನವಾಗಿ, ನನ್ನ ಪಕ್ಕದಿಂದಲೇ ಹಾದುಹೋದರು.

ಗುರುತು ಹಿಡಿಯಲು ಮಗಳನ್ನು ಕರೆಸಲಾಯಿತು. ಅವಳು ಕಾರ್ಡು ನೋಡಿ, ನನ್ನ ತಲೆ ನೋಡಿ, ಕಾವಲುಗಾರನಿಗೆ ತಗ್ಗಿದ ದನಿಯಲ್ಲಿ, "ನಮ್ಮಪ್ಪನೇ. ಕೂದಲು ಹೋಗಿದ್ದು ನನ್ನಿಂದ" ಎಂದಳು.

ದಾರಿಯಲ್ಲಿ ಎಲ್ಲ ಹೊರಬಂತು. ಅಕ್ಕನ ತೀರ್ಪು ಕೇಳಿದ ಮೇಲೆ, ನಾನು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹೊರಬಂದ ಕೂಡಲೇ ಅವಳು ಒಳಗೆ ನುಗ್ಗಿ, ನಾನು ಟವೆಲ್ ಒಣಹಾಕಿ ತಮ್ಮನ್ನು ನೋಡಲು ತಿರುಗಿ ಬರುವಷ್ಟರಲ್ಲಿ, ತಮ್ಮ ಮೇಲಿದ್ದುದನ್ನೆಲ್ಲ ಬಳಿದುಕೊಂಡು ಹೋಗುತ್ತಿದ್ದಳು. ಎಸೆದಿರಲಿಲ್ಲ. ಚೀಲದಿಂದ ಪೆನ್ಸಿಲ್ ಡಬ್ಬಿ ತೆಗೆದು ನನ್ನ ಕೈಗಿತ್ತಳು. ರಬ್ಬರಿನ ಪಕ್ಕದಲ್ಲಿ ನಾನಿದ್ದೆ. "ನೀವು ಫೋಟೊದಲ್ಲಿ ಅಂಟಿಸ್ತೀರಲ್ಲ, ಹಾಗೆ ಅಂಟಿಸೋಕಾಗುತ್ತೇನೋ ಅಂತ" ಎಂದಳು. ಸ್ವಲ್ಪ ದೂರ ನಡೆದು, "ನಾಳೆಯಿಂದ ನಾನೂ ಕೋಳಿ ತಿಂತೀನಿ, ನೀವೂ ತಿನ್ನಿ" ಎಂದೂ ಸೇರಿಸಿದಳು. ನನಗೆ ಅಳು ಬಂತು, ನಡುರಸ್ತೆಯಲ್ಲಿ, ಆ ಡಬ್ಬಿ ಹಿಡಿದುಕೊಂಡು. ನನ್ನ ಒಣಜಂಬಕ್ಕೆ ಈ ಮಗು ತನ್ನ ಮನಸ್ಸನ್ನೇ ಮಾರಲು ಹೊರಟಿತ್ತು.

ಮರುದಿನ ಅವಳನ್ನೂ ಕರೆದುಕೊಂಡು ಡಾಕ್ಟರಮ್ಮನ ಬಳಿ ಹೋದೆ, ಅವಳೇ ಕಿವಿಯಾರೆ ಕೇಳಲಿ ಎಂದು. ದಿನವೂ ಏನು ತಿನ್ನುತ್ತೀರಿ ಎಂದು ಆಕೆ ವಿಚಾರಿಸಿದರು. ಒಂದು ಹಿಡಿ ಕಡಲೆ, ಬ್ರೆಡ್ಡು, ಕರಿದ ಆಲೂಗಡ್ಡೆ, ಬಿಸ್ಕತ್ತು, ಪ್ರತಿ ಊಟದ ಬೆನ್ನಿಗೇ ಒಂದು ದೊಡ್ಡ ಲೋಟ ಟೀ ಎಂದು ನಾನು ಹೆಮ್ಮೆಯಿಂದ ಒಪ್ಪಿಸಿದೆ. "ಇದರಲ್ಲಿ ಸೊಪ್ಪು ಎಲ್ಲಿದೆ?" ಎಂದರು. ಎಲ್ಲೂ ಇರಲಿಲ್ಲ, ಮಾನ್ಯರೇ. ಸೊಪ್ಪಿನ ಮೇಲೆ ಅಪವಾದ ಹೊರಿಸಿದವನು ಒಂದು ವರ್ಷದಿಂದ ಸೊಪ್ಪನ್ನು ಮುಟ್ಟಿಯೇ ಇರಲಿಲ್ಲ. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಕಬ್ಬಿಣದಂಶ ತಳ ಕಂಡಿತ್ತು. ಕಾಳಿನಿಂದ ಸಿಗುವಷ್ಟನ್ನೂ ಮೈಗೆ ಹತ್ತದಂತೆ ತಡೆಯುತ್ತಿದ್ದುದು ಆ ಟೀ. ಕಾಳು, ಬೇಳೆ, ಸೊಪ್ಪಿಗೆ ನಿಂಬೆರಸ ಹಿಂಡಿಕೊಂಡು ತಿಂದು, ಟೀಯನ್ನು ದೂರವಿಟ್ಟರೆ ಸ್ವಲ್ಪ ಕೂದಲು ಮರಳೀತು ಎಂದರು. ನೆತ್ತಿಯದರ ಬಗ್ಗೆ ಮಾತ್ರ, "ನಿಮ್ಮ ತಂದೆಯವರ ತಲೆ ಹೇಗಿತ್ತು?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಮಗಳು, "ಅಜ್ಜನದು ಫೋಟೊದಲ್ಲಿ ಬಲ್ಬಿನ ಹಾಗಿದೆ" ಎಂದಳು, ಮತ್ತು ಎರಡು ವಾರಗಳಲ್ಲಿ ಮೊದಲ ಸಲ ನಕ್ಕಳು.

ಆದ್ದರಿಂದ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ಯಾರಾದರೂ ಪುಟ್ಟ ಕೈಯವರು ತಮ್ಮ ಮೇಲಿನದನ್ನು ಎತ್ತಿಕೊಂಡು ಹೋದರೆ ತಾವು ದಯವಿಟ್ಟು ಗಂಟೆ ಬಾರಿಸಬೇಕು, ಇಲ್ಲವೇ ಕನಿಷ್ಠ ಒಮ್ಮೆ ಕೆಮ್ಮಬೇಕು. ಈವರೆಗೆ ತಮ್ಮ ಕೈತಪ್ಪಿ ಚರಂಡಿ ಸೇರಿದ ಕೂದಲನ್ನೆಲ್ಲ ಸುಸ್ಥಿತಿಯಲ್ಲಿ, ಸಾಧ್ಯವಾದರೆ ಕಪ್ಪಾಗಿಯೇ, ಹಿಂದಿರುಗಿಸಬೇಕು. ಇದಾವುದೂ ಆಗದಿದ್ದರೆ ನಾನೇನೂ ಮುನಿಸಿಕೊಳ್ಳುವುದಿಲ್ಲ. ಕಾರ್ಡಿಗೆ ಹೊಸ ಫೋಟೊ ಆಗಿದೆ. ಮಗಳೇ ಸ್ಟೂಲು ಹತ್ತಿ ಮೇಲಿನಿಂದ ತೆಗೆದಳು, ಏನೂ ಅಂಟಿಸಬಾರದೆಂದು ಅಪ್ಪಣೆ ಮಾಡಿದಳು. ಕಾವಲುಗಾರನಿಗೆ ಈಗ ಕಾರ್ಡೇ ಬೇಕಿಲ್ಲ. ರಸ್ತೆಯ ಆ ತುದಿಯಲ್ಲಿ ನನ್ನ ನೆತ್ತಿ ಮಿನುಗಿದ ಕೂಡಲೇ ಮಗಳ ಹೆಸರು ಕೂಗುತ್ತಾನೆ, ಅವಳು ಓಡಿ ಬರುತ್ತಾಳೆ.

ತಮ್ಮ ವಿಶ್ವಾಸಿ,
ದಿನವೂ ತಮ್ಮ ಮಡಿಲಿಗೆ ಇಷ್ಟಿಷ್ಟೇ ಸೇರುತ್ತಿರುವವನು

ವಿ.ಸೂ.: ಕಳೆದ ವಾರ ನಮ್ಮ ಅಕ್ಕ ಎರಡು ದಿನ ನಮ್ಮಲ್ಲಿ ಉಳಿದಿದ್ದರು. ಹಸಿರು ಬಣ್ಣದ್ದೇನನ್ನೂ ಅವರು ಬಾಯಿಗೆ ಹಾಕಿದವರಲ್ಲ. ಆದರೂ ಅವರು ತಲೆಗೆ ನೀರು ಹಾಕಿಕೊಂಡ ಮೇಲೆ ತಾವು ಉಸಿರು ಕಟ್ಟಿ, ನೀರು ಹೊಸ್ತಿಲವರೆಗೆ ಬಂದದ್ದನ್ನು ನಾವೆಲ್ಲ ನೋಡಿದೆವು. ಈ ಪತ್ರದ ಒಂದು ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ. ಜೊತೆಗೆ ಮಗಳ ಪೆನ್ಸಿಲ್ ಡಬ್ಬಿಯೂ ಇದೆ, ಒಳಗಿರುವುದು ಈ ಸಲ ನನ್ನದಲ್ಲ.