ದೊಡ್ಡ ಚಕ್ರದ ಉಳಿತಾಯ

ಗಾಡಿಯ ಚಕ್ರ ದೊಡ್ಡದಾದಷ್ಟೂ ಎತ್ತಿಗೆ ಹಗುರ ಎಂಬುದು ಮಧುಗಿರಿ ಸೀಮೆಯಲ್ಲಿ ಅಂಬೆಗಾಲಿಡುವ ಮಗುವಿಗೂ ತಿಳಿದ ಸಂಗತಿ. ಆ ಸಂಗತಿಯನ್ನು ಮೋಟಾರಿಗೂ ಅನ್ವಯಿಸಿ ಸರ್ಕಾರಕ್ಕೆ ಪೆಟ್ರೋಲು ಉಳಿಸಿಕೊಟ್ಟ ಕೀರ್ತಿ ಧಾನ್ಯ ಸಾಗಣೆ ಕಚೇರಿಯ ಶಿರಸ್ತೇದಾರರಾದ ಪರ್ವತಯ್ಯನವರಿಗೆ ಸಲ್ಲತಕ್ಕದ್ದು.

ಅದು ಯುದ್ಧದ ಕಾಲ. ಪೆಟ್ರೋಲು ದೇವರ ತೀರ್ಥದ ಹಾಗೆ ಉದ್ಧರಣೆಯಲ್ಲಿ ಸಿಗುತ್ತಿತ್ತು. ಕಚೇರಿಗೆ ಇದ್ದದ್ದು ಒಂದೇ ಪುಟ್ಟ ಲಾರಿ. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ರಾಗಿ ಮೂಟೆ ಹೇರಲು ತೆರೆದ ತೊಟ್ಟಿ. ಅದರ ಡ್ರೈವರು ಪಾಲಣ್ಣ. ಪಾಲಣ್ಣನಿಗೆ ಲಾರಿಗಿಂತ ಒಂದು ಗುಲಗಂಜಿ ಹೆಚ್ಚು ಮುಖ್ಯವಾದದ್ದು ಸರ್ಕಾರ ಕೊಟ್ಟ ಖಾಕಿ ಕೋಟು. "ಗಾಡಿ ಹೊಡೆಯೋನಿಗೆ ಮಗಳನ್ನ ಕೊಡಾಕಿಲ್ಲ" ಎಂದು ಹಟ ಹಿಡಿದಿದ್ದ ಅವನ ಮಾವ, ಆ ಕೋಟನ್ನು ಕಂಡ ಮೇಲೆಯೇ ಕದರಮ್ಮನನ್ನು ಧಾರೆ ಎರೆದುಕೊಟ್ಟಿದ್ದ.

ಲಾರಿಯ ಟೈರುಗಳು ಸವೆದು ಚಿಂದಿಯಾದವು. ಹೊಸವು ಬೇಕೆಂದು ಬರೆದುಕೊಂಡದ್ದಕ್ಕೆ ದಂಡಿನ ದೊಡ್ಡ ಲಾರಿಯ ಟೈರುಗಳು ಚಕ್ರ ಸಮೇತ ಬಂದವು. ಬಂದದ್ದನ್ನು ಹಿಂದಿರುಗಿಸುವ ನಿಯಮ ಕಚೇರಿಯಲ್ಲಿ ಇರಲಿಲ್ಲ. ಕಮ್ಮಾರ ಅಡವಯ್ಯ ಅಲ್ಲಿ ತಗ್ಗಿಸಿ ಇಲ್ಲಿ ಉಬ್ಬಿಸಿ ಅವನ್ನು ಕೂರಿಸಿದ. ಲಾರಿ, ಮೊಣಕಾಲಿಗೆ ಪಂಚೆ ಎತ್ತಿ ಕಟ್ಟಿ ಹೊಳೆ ದಾಟುವವನಂತೆ ನಿಂತಿತು.

"ಸ್ವಾಮಿ, ಒಂದೊಂದು ಟೈರು ಎತ್ತೋಕೆ ಇಬ್ರು ಆಳು ಬೇಕು, ಬೀಸೋ ಕಲ್ಲಿದ್ದಂಗವೆ," ಎಂದು ಪಾಲಣ್ಣ ಅರಿಕೆ ಮಾಡಿಕೊಂಡ. "ಇವನ್ನ ತಿರುಗಿಸೋದ್ರಲ್ಲೇ ಇಂಜಿನ್ನು ಉಸ್ಸಪ್ಪಾ ಅಂತದೆ. ಪೆಟ್ರೋಲು ಜಾಸ್ತಿ ಕುಡೀತದೆ."

ಪರ್ವತಯ್ಯನವರು ನಿಧಾನಸ್ಥರು. ಹಣೆಯ ವಿಭೂತಿ ಅಲುಗದಂತೆ ತಲೆಯೆತ್ತಿದರು.

"ಎತ್ತು ಅಂತ ನಿನಗೆ ಹೇಳಿದವರು ಯಾರಯ್ಯ? ಉರುಳಿಸು. ನಿಮ್ಮಪ್ಪನ ಗಾಡಿಯ ಚಕ್ರ ಎಷ್ಟೆತ್ತರ?"

"ಎದೆಮಟ್ಟ, ಸ್ವಾಮಿ."

"ಅಷ್ಟು ದೊಡ್ಡದು ಯಾಕೆ ಮಾಡಿಸಿದ?"

"ಎತ್ತಿಗೆ ಹಗುರ ಆಗ್ಲಿ ಅಂತ."

"ನೋಡು. ಓದು ಬರಹ ಬಾರದ ನಿಮ್ಮಪ್ಪನಿಗೆ ತಿಳಿದದ್ದು ಕೋಟು ತೊಟ್ಟ ನಿನಗೆ ತಿಳಿಯಲಿಲ್ಲ."

ಪಾಲಣ್ಣನಿಗೂ ಒಂದು ಗಳಿಗೆ ಹೌದೆನ್ನಿಸಿತು. ಹಿರಿಯರು ಹೇಳಿದ್ದು ಸುಳ್ಳಾದೀತೇ? ಸಂಜೆಯ ಹೊತ್ತಿಗೆ ಹುಕುಂ ಗೋಡೆಗೆ ಅಂಟಿತು:

"ಚಕ್ರಗಳು ದೊಡ್ಡವಾಗಿರುವ ಕಾರಣ ಲಾರಿಯ ಪೆಟ್ರೋಲನ್ನು ಕಾಲುಭಾಗ ಇಳಿಸಲಾಗಿದೆ. ಇದು ಸಾಲದೆಂದು ಡ್ರೈವರು ಹೇಳಿದಲ್ಲಿ, ಸಾಲದೆ ಬಂದಷ್ಟನ್ನು ಅವನೇ ಕದ್ದನೆಂದು ತಿಳಿದು ಕೋಟನ್ನು ವಾಪಸು ಪಡೆಯತಕ್ಕದ್ದು."

ಮೊದಲ ಸಲ, ಟ್ಯಾಂಕಿನ ತಳದಲ್ಲಿ ಉಳಿದಿದ್ದ ಹಳೆಯ ಪೆಟ್ರೋಲು ಸೇರಿ ಲಾರಿ ಹೇಗೋ ಪಾವಗಡ ಮುಟ್ಟಿ ಬಂತು. ಆದರೆ ದೊಡ್ಡ ಚಕ್ರ ಕಡಿಮೆ ಸುತ್ತು ಹೊಡೆಯಿತು. ಸುತ್ತನ್ನೇ ಎಣಿಸುವ ಮೀಟರು ಕಡಿಮೆ ಮೈಲಿ ತೋರಿಸಿತು. ಪರ್ವತಯ್ಯನವರು ಮೀಟರು ನೋಡಿ ಸಂತೋಷಪಟ್ಟರು.

"ಪಾವಗಡ ಹತ್ತಿರ ಬಂದಿದೆಯಲ್ಲಯ್ಯ!"

"ಮೈಲಿಗಲ್ಲು ಇದ್ದ ಜಾಗದಲ್ಲೇ ಅವೆ, ಸ್ವಾಮಿ."

"ಅವನ್ನು ನೆಟ್ಟವರು ನಮ್ಮ ತಾತನ ಕಾಲದವರು. ಆಗ ಎಲ್ಲವೂ ದೂರವೇ."

ಊರು ಹತ್ತಿರವಾದ ಮೇಲೆ ಪೆಟ್ರೋಲು ಯಾಕೆ ಬೇಕು? ಇನ್ನೊಂದಿಷ್ಟು ಇಳಿಯಿತು.

ಎರಡನೆಯ ಸಲ ಮಿಡಿಗೇಶಿ ದಾಟುತ್ತಲೇ ಲಾರಿ ಕೆಮ್ಮಿ ನಿಂತಿತು. ಪಾಲಣ್ಣ ಇಳಿದು ಬೆಟ್ಟದ ಕಡೆ ಕೈಮುಗಿದ. ಬೆಟ್ಟ ಸುಮ್ಮನಿತ್ತು. ಹೊಲದಿಂದ ಜೋಡೆತ್ತು ಹೊಡೆದುಕೊಂಡು ಬರುತ್ತಿದ್ದ ಮೂಡಲಗಿರಿಯಪ್ಪ ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನ್ಲಾ ಪಾಲಣ್ಣ, ಸರ್ಕಾರದ ಎತ್ತು ಮಲಗ್ಬುಡ್ತಾ?"

"ತಮಾಷೆ ಬುಡಣ್ಣೋ. ಹೊತ್ತು ಮುಳುಗೋದ್ರೊಳಗೆ ರಾಗಿ ಪಾವಗಡ ಸೇರ್ದಿದ್ರೆ ನನ್ನ ಕೋಟು ಹೋಯ್ತದೆ."

"ಕೋಟು ತಾನೆ? ಚಳಿಗಾಲ ಇನ್ನೂ ದೂರ ಐತೆ ಕಣ್ಲಾ."

"ಕೋಟು ಹೋದ್ರೆ ಕದರಮ್ಮ ಅವಳಪ್ಪನ ಮನೆಗೆ ಹೋಯ್ತಾಳೆ."

ಮೂಡಲಗಿರಿಯಪ್ಪ ಗಂಭೀರನಾದ. "ಅಂಗನ್ನು ಮತ್ತೆ," ಎಂದವನೇ ನೊಗವನ್ನು ಲಾರಿಯ ಮೂತಿಗೆ ಬಿಗಿದ.

ಪಾವಗಡದ ಉಗ್ರಾಣದ ಗುಮಾಸ್ತ, "ಏಮಯ್ಯಾ, ಇದು ಲಾರಿನಾ, ಬಂಡಿನಾ?" ಎಂದು ಕೇಳಿದ. ಪಾಲಣ್ಣ ಹಾರನ್ನು ಒತ್ತಿದ. ಹಾರನ್ನು ಇರುವುದು ಲಾರಿಗೇ ಆದ್ದರಿಂದ ಗುಮಾಸ್ತ ಒಪ್ಪಿ ರಾಗಿ ಇಳಿಸಿಕೊಂಡ.

ಸುದ್ದಿ ಮಧುಗಿರಿಗೆ, ಎತ್ತುಗಳೇ ಎಳೆದು ತಂದ ಲಾರಿಗಿಂತ ಮೊದಲೇ ತಲುಪಿತ್ತು. ಪಾಲಣ್ಣ ಕೋಟಿನ ಗುಂಡಿಗಳನ್ನು ಬಿಚ್ಚುತ್ತಲೇ ಕಚೇರಿಯ ಮೆಟ್ಟಿಲು ಹತ್ತಿದ. ಪರ್ವತಯ್ಯನವರು ಅವನನ್ನು ಬಿಟ್ಟು ಮೂಡಲಗಿರಿಯಪ್ಪನನ್ನೇ ವಿಚಾರಣೆಗೆ ಕರೆದರು.

"ದೇವರ ಮೇಲೆ ಆಣೆ ಇಟ್ಟು ಹೇಳು. ಎಳೆಯಲು ಹಗುರವಾಗಿತ್ತೋ, ಭಾರವೋ?"

"ಸುಳ್ಳು ಯಾಕೆ ಹೇಳ್ಲಿ ಬುದ್ಧಿ? ದೊಡ್ಡ ಚಕ್ರ, ಅದಕ್ಕೆ ರಬ್ಬರು ಬ್ಯಾರೆ. ಬೆಣ್ಣೆಲಿ ಕೂದಲು ತೆಗೆದಂಗೆ ಬಂತು."

"ಮಿಡಿಗೇಶಿಯಿಂದ ಪಾವಗಡಕ್ಕೆ ಪೆಟ್ರೋಲು ಎಷ್ಟು ಖರ್ಚಾಯಿತು?"

"ನನ್ನ ಎತ್ತು ಅದನ್ನ ಮೂಸೂ ನೋಡಾಕಿಲ್ಲ."

ಪರ್ವತಯ್ಯನವರು ಕಣ್ಣುಮುಚ್ಚಿ ಶಿವನನ್ನು ನೆನೆದರು. ತಾವು ಕಾಲುಭಾಗ ಉಳಿತಾಯ ಬಯಸಿದ್ದರು. ಭಗವಂತ ಪೂರ್ತಿಯನ್ನೇ ಕರುಣಿಸಿದ್ದ. ಮರುದಿನದ ಹುಕುಂ ಹೀಗಿತ್ತು:

"ದೊಡ್ಡ ಚಕ್ರದಿಂದ ಪೆಟ್ರೋಲು ಉಳಿಯುವುದು ಸಾಕ್ಷಿ ಸಮೇತ ರುಜುವಾತಾಗಿದೆ. ಇನ್ನು ಮುಂದೆ ಲಾರಿ ಮಧುಗಿರಿಯಿಂದಲೇ ಇದೇ ಕ್ರಮದಲ್ಲಿ ಹೊರಡತಕ್ಕದ್ದು. ಎತ್ತುಗಳ ಹುರುಳಿ, ಹಿಂಡಿಯನ್ನು ಪೆಟ್ರೋಲಿನ ಬಾಬ್ತಿಗೆ ಹಾಕತಕ್ಕದ್ದು. ಎತ್ತುಗಳು ದಾರಿಯಲ್ಲಿ ಮೇಯ್ದದ್ದನ್ನು ಉಳಿತಾಯವೆಂದು ತಿಳಿಯತಕ್ಕದ್ದು."

ಪಾಲಣ್ಣ ಗುಂಡಿಗಳನ್ನು ಮತ್ತೆ ಹಾಕಿಕೊಂಡು ಮನೆಗೆ ಹೋದ. ಕದರಮ್ಮ ಬಾಗಿಲಲ್ಲೇ ತಡೆದಳು.

"ಮುಂದೆ ಎತ್ತು ಕಟ್ಟವ್ರಂತೆ. ಅಂಗಾರೆ ನೀನೂ ಗಾಡಿ ಹೊಡೆಯೋನೇ ಆದೆ?"

"ಹೊಡೆಯೋನು ಮೂಡಲಗಿರಿಯಣ್ಣ ಕಣಮ್ಮಿ. ನಾನು ಸ್ಟೀರಿಂಗು ಹಿಡಿಯೋನು."

ಕದರಮ್ಮ ಕೋಟನ್ನು ಮೇಲಿಂದ ಕೆಳಗೆ ನೋಡಿ, ದಾರಿ ಬಿಟ್ಟಳು.

ಆಯುಧಪೂಜೆಯ ದಿನ ಇಂಜಿನ್ನಿಗೆಂದು ತಂದ ಹಾರವನ್ನು ಬಲಗಡೆಯ ಎತ್ತಿಗೆ ಹಾಕಿದರು. ಎಡಗಡೆಯದು ಮುನಿಸಿಕೊಂಡದ್ದರಿಂದ ಅದಕ್ಕೂ ಒಂದು ತರಿಸಿದರು. ಉಳಿತಾಯ ನೋಡಲು ಮೇಲಿನ ಅಧಿಕಾರಿ ವೃಷಭೇಂದ್ರಪ್ಪನವರು ಅಂದೇ ಬಂದರು. ಲಾರಿಯನ್ನೂ ಎತ್ತುಗಳನ್ನೂ ಬಹಳ ಹೊತ್ತು ದಿಟ್ಟಿಸಿದರು.

"ಶಿರಾ ಕಚೇರಿಯವರೂ ಇಂಥ ಟೈರೇ ಬೇಕೆಂದು ಬರೆದಿದ್ದಾರೆ," ಎಂದರು. "ಇದಕ್ಕಿಂತ ದೊಡ್ಡವು ಹಾಕಿದರೆ ಹೇಗೋ?"

ಪರ್ವತಯ್ಯನವರು ಪಾಲಣ್ಣನತ್ತ ನೋಡಿದರು. ಪಾಲಣ್ಣ ಕೋಟಿನ ಮೇಲಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡ.

"ಹಾಕ್ಸಿ ಸ್ವಾಮಿ," ಎಂದ. "ಇಂಜಿನ್ನಿಗೆ ಇನ್ನೂ ಹಗುರ ಆಯ್ತದೆ."

ಆಮೇಲೆ ಹಾರನ್ನು ಒತ್ತಿದ. ಎತ್ತುಗಳು ಕಿವಿ ನಿಮಿರಿಸಿ ಪಾವಗಡದ ದಾರಿ ಹಿಡಿದವು.