ನೀರಿನ ಪಾಳಿಗೊಂದು ಕರಾರುಪತ್ರ

ಮನೆತನದಲ್ಲೇ ಮೊದಲು ಕಾಲೇಜಿಗೆ ಹೋದವರಿಗೆ ರಜೆ ಎಂಬುದು ಇರುವುದಿಲ್ಲ. ಉಳಿದವರ ಮಕ್ಕಳು ಉಂಡು ಮಲಗಬಹುದು. ನಾವು ಬಸ್ಸಿಳಿದ ಕೂಡಲೇ ಕಲಿತದ್ದನ್ನು ತೋರಿಸಬೇಕು. ನಾನಂತೂ ಯಾರೂ ಕೇಳದಿದ್ದರೂ ತೋರಿಸುವವಳು. ಅದಕ್ಕೆ ಈಗಲೂ ನಾಚಿಕೆಯಿಲ್ಲ.

ನಾನು ಓದುತ್ತಿದ್ದುದು ಕಾನೂನು ಮತ್ತು ಅರ್ಥಶಾಸ್ತ್ರಕ್ಕೆಂದೇ ಇರುವ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ. ಎರಡು ರೈಲು ಬದಲಿಸಬೇಕು. ಪ್ರವೇಶ ಪರೀಕ್ಷೆ ಪಾಸಾದಾಗ ಕೌಜಲಗಿಯ ನಮ್ಮ ಓಣಿಯವರು, "ಗೋಕಾಕ ಕೋರ್ಟಿನ್ಯಾಗ ಕರೀ ಕೋಟು ಹಾಕ್ಕೊಂಡವ್ರೆಲ್ಲಾ ಅಷ್ಟು ದೂರ ಹೋಗಿ ಕಲ್ತಾರೇನ?" ಎಂದರು. ಎರಡೆರಡು ಶಾಸ್ತ್ರ ಯಾಕೆಂಬ ಪ್ರಶ್ನೆಗೆ ನಮ್ಮ ಆಯಿಯೇ, ಅಂದರೆ ಅಜ್ಜಿಯೇ, ಉತ್ತರ ಕೊಟ್ಟಳು: "ಒಂದರಾಗ ನಪಾಸಾದ್ರ ಇನ್ನೊಂದು ಇರ್ಲಿ ಅಂತ ಕೊಟ್ಟಿರ್ತಾರ." ಒಂದರಲ್ಲೂ ನಪಾಸಾಗಲಿಲ್ಲ. ಇದನ್ನು ಇಲ್ಲಿ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮೂರನೇ ವರ್ಷದ ರಜೆಯ ಮಾತು. ನಮ್ಮ ಕಡೆ ಕಾಲುವೆ ನೀರು ಒಂದೊಂದು ಹೊಲಕ್ಕೆ ವಾರದಲ್ಲಿ ಒಂದೊಂದು ದಿನ, ಅದೇ ಪಾಳಿ. ಅಪ್ಪನೂ ಪಕ್ಕದ ಹೊಲದ ಭರಮಪ್ಪ ಕಾಕಾನೂ ಇಪ್ಪತ್ತು ವರ್ಷಗಳಿಂದ ಪಾಳಿ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಈ ವಾರ ನಮ್ಮದು ಅವರಿಗೆ, ಮುಂದಿನ ವಾರ ಅವರದು ನಮಗೆ. ಎಲ್ಲ ಬಾಯಿಮಾತು. ಕರಾರು ಕಾಯ್ದೆಯನ್ನು ಅರೆದು ಕುಡಿದು ಬಂದ ನನಗೆ ಇದನ್ನು ಸಹಿಸಲಾಗುತ್ತದೆಯೇ? ಗೋಕಾಕಕ್ಕೆ ಹೋಗಿ ಪತ್ರ ಬರೆಯುವವರೊಬ್ಬರ ಹತ್ತಿರ ಹಳೆಯ ನಮೂನೆ ತಂದೆ. ಅದನ್ನು ನೋಡಿಕೊಂಡು ಹನ್ನೊಂದು ಕಲಮಿನ ಕರಾರುಪತ್ರ ಬರೆದು, ಪಡಸಾಲೆಯಲ್ಲಿ ಇಬ್ಬರನ್ನೂ ಕೂಡಿಸಿ ಗಟ್ಟಿಯಾಗಿ ಓದಿದೆ. ಏಳನೆಯ ಕಲಮು: "ಉಭಯರಲ್ಲಿ ಯಾರೇ ಮರಣ ಹೊಂದಿದಲ್ಲಿ ಅವರ ಪಾಳಿಯು ಅವರ ಗಂಡುಮಕ್ಕಳಿಗೆ ಸಲ್ಲತಕ್ಕದ್ದು."

ಕಾಕಾ ಚಹಾದ ಕಪ್ಪು ಕೆಳಗಿಟ್ಟರು, ಟೊಪ್ಪಿಗೆ ಹಾಕಿಕೊಂಡರು, ಹೊರಟೇಬಿಟ್ಟರು. ನಮ್ಮಲ್ಲಿ ಅರ್ಧ ಚಹಾ ಬಿಟ್ಟು ಎದ್ದರೆ ಅರ್ಧ ಸಂಬಂಧ ಬಿಟ್ಟಂತೆ.

ಹಿಂದಿನ ವಾರ ನಮ್ಮ ಪಾಳಿ ಅವರಿಗೆ ಹೋಗಿತ್ತು. ಬರುವ ಶುಕ್ರವಾರ ಅವರದು ನಮಗೆ ಬರಬೇಕು. ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತು. ಈಗ ನೀರು ತಪ್ಪಿದರೆ ಬರೀ ಕಣಿಕೆ, ದನದ ಮೇವು. ಗುರುವಾರದವರೆಗೂ ಕಾಕಾನ ಸುದ್ದಿಯಿಲ್ಲ.

"ಇಷ್ಟು ವರ್ಷ ಬಾಯಿಮಾತಿನ ಮ್ಯಾಲ ನೀರು ಹರೀತು. ಈಕಿ ಒಂದು ಹಾಳಿ ತಂದ್ಲು, ನಿಂತು ಹೋತು," ಎಂದಳು ಅವ್ವ. ಹೆಣ್ಣುಹುಡುಗಿಯನ್ನು ಓದಿಸಿದರೆ ಹೀಗೇ ಎಂದು ಓಣಿ ತೀರ್ಪು ಕೊಟ್ಟಿತು.

"ಹೋಗಿ ತಪ್ಪಾತು ಅನ್ನು," ಎಂದ ಅಪ್ಪ.

"ಹೋಗ್ತೇನಿ. ತಪ್ಪಾತು ಅನ್ನಂಗಿಲ್ಲ," ಎಂದು ಪತ್ರ ಹಿಡಿದು ನಡೆದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ನಾನು ನಿಂತೇ ವಾದ ಶುರು ಮಾಡಿದೆ. "ಸಾಯೂ ಮಾತು ಬರದದ್ದಕ್ಕ ಸಿಟ್ಟಾಗೀರಿ, ಹೌದಲ್ರಿ ಕಾಕಾ? ಎಲ್ಲಾ ಕರಾರಿನ್ಯಾಗೂ ಅದು ಇರ್ತೈತಿ. ನಾ ತಗ್ಯಾಂಗಿಲ್ರಿ."

"ಒಂದಿನ ಸಾಯ್ತೇನಂತ ನನಗ ಗೊತ್ತಿಲ್ಲೇನ ಹುಚ್ಚಿ? ಆ ಏಳನೇದು ಇನ್ನೊಮ್ಮಿ ಓದು."

ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ದನಿ ತಗ್ಗಿತು.

"ನನಗಿರಾಕಿ ಮಗಳು ಪದ್ಮಿ ಒಬ್ಬಾಕಿ," ಎಂದರು ಕಾಕಾ. "ನನ್ನ ಸರಿಸಮ ಹೊಲದಾಗ ದುಡಿತಾಳ. ನಾ ಹೋದ ಮ್ಯಾಲ ಆಕಿ ಪಾಳಿ ಯಾರಿಗೆ ಕೊಡಾಕಿ ಇದ್ದಿ? ಅದಿರ್ಲಿ, ನಿಮ್ಮಪ್ಪಗೂ ನೀ ಒಬ್ಬಾಕಿನ ಅಲ್ಲೇನು? ಇದರಾಗ ನೀನೂ ಇಲ್ಲಲ್ಲ ತಂಗಿ!"

ನಮೂನೆ ಬರೆದವರು ಯಾವ ಕಾಲದವರೋ. ನಕಲು ಮಾಡಿದವಳು ನಾನೇ. ಕಟ್ಟೆಯ ಮೇಲೇ ಕೂತು 'ಗಂಡು' ಹೊಡೆದುಹಾಕಿ 'ಮಕ್ಕಳಿಗೆ' ಎಂದಷ್ಟೇ ಉಳಿಸಿದೆ. ಶಾಲೆಯ ಮುಖ ಕಾಣದ ಕಾಕಾ ಹೆಬ್ಬೆಟ್ಟು ಒತ್ತಿದರು. ಶುಕ್ರವಾರ ನೀರು ಬಂತು. ಕ್ಷಮೆಯನ್ನು ನಾನು ಯಾರಲ್ಲೂ ಕೇಳಲಿಲ್ಲ, ಪತ್ರವನ್ನು ಹರಿಯಲೂ ಇಲ್ಲ; ಓಣಿಯವರು ಬೇಕಾದರೆ ಇನ್ನೂ ನಾಲ್ಕು ತೀರ್ಪು ಕೊಡಲಿ.

ಸಂಜೆ ಬದುವಿನ ಮೇಲೆ ಕೂತು ಅಪ್ಪ ಮೆಲ್ಲಗೆ ಕೇಳಿದ: "ಅಷ್ಟು ದೊಡ್ಡ ಸಾಲ್ಯಾಗ ಹೆಣ್ಮಕ್ಕಳ ಹಕ್ಕಿನ ಪಾಠ ಹೇಳಂಗಿಲ್ಲೇನವ್ವಾ?"

ಹೇಳಿದ್ದರು. ಆ ವಿಷಯದ ಪರೀಕ್ಷೆಯಲ್ಲಿ ಇಡೀ ತರಗತಿಗೆ ನಾನೇ ಮೊದಲು.